ಯೋಗ ಶುರು ಮಾಡುವವರಿಗೆ: ಉಚಿತ ತರಗತಿ, ಅಯ್ಯಂಗಾರ್, ಮೈಸೂರು ಶೈಲಿ, ಯೂಟ್ಯೂಬ್ – ಯಾರಿಗೆ ಯಾವುದು?

ಯೋಗ ಕಲಿಯಲು ಹೊರಟವರಿಗೆ ನಮ್ಮ ಊರುಗಳಲ್ಲಿ ಜಾಗದ ಕೊರತೆಯಿಲ್ಲ. ದೇವಸ್ಥಾನದ ಸಭಾಂಗಣದಲ್ಲಿ ಬೆಳಗಿನ ಜಾವದ ಉಚಿತ ತರಗತಿ, ಮುಖ್ಯರಸ್ತೆಯ ಎರಡನೇ ಮಹಡಿಯಲ್ಲಿ ತಿಂಗಳ ಶುಲ್ಕದ ಸ್ಟುಡಿಯೋ, ಜಿಮ್ಮಿನಲ್ಲಿ ಪವರ್ ಯೋಗ, ಮನೆಗೇ ಬಂದು ಹೇಳಿಕೊಡುವವರು, ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ವಿಡಿಯೋ. ಕಷ್ಟವಾಗುವುದು ಆರಿಸುವಾಗ. 'ಯಾವ ಯೋಗ ಒಳ್ಳೆಯದು?' ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಮೂರು ತಿಂಗಳ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನೀವು ಆಸನದಲ್ಲಿರುವಾಗ ನಿಮ್ಮನ್ನು ಯಾರು ನೋಡುತ್ತಿರುತ್ತಾರೆ?

ತ್ರಿಕೋನಾಸನವನ್ನೇ ತೆಗೆದುಕೊಳ್ಳಿ. ಹೊಸಬರು ಕಾಲು ಅಗಲಿಸಿ ನಿಂತು, ಪಕ್ಕಕ್ಕೆ ಬಾಗಿ, ಹೇಗಾದರೂ ಮಾಡಿ ಬೆರಳನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಮುಟ್ಟಿತು, ಆಸನ ಬಂತು ಎಂದುಕೊಳ್ಳುತ್ತಾರೆ. ಪಕ್ಕದಿಂದ ನೋಡಿದವರಿಗೆ ಕಾಣುವುದು ಬೇರೆ: ಪೃಷ್ಠ ಹಿಂದಕ್ಕೆ ಹೋಗಿದೆ, ಎದೆ ನೆಲದ ಕಡೆ ತಿರುಗಿದೆ, ಮುಂದಿನ ಕಾಲಿನ ಮಂಡಿಚಿಪ್ಪು ಹೆಬ್ಬೆರಳಿನ ಒಳಗಡೆಗೆ ವಾಲಿದೆ. ದಿನಾ ಹೀಗೆ ಮಾಡಿದರೆ ಪಕ್ಕೆಗೆ ಸಿಗಬೇಕಾದ ಎಳೆತ ಸಿಗುವುದಿಲ್ಲ, ಮಂಡಿಯ ಒಳಬದಿ ನೋಯತೊಡಗುತ್ತದೆ. ಮಾಡುವವರಿಗೆ ಇದು ಒಳಗಿನಿಂದ ಗೊತ್ತಾಗುವುದಿಲ್ಲ. ತನ್ನ ಸೊಂಟ ಎಲ್ಲಿದೆ, ಭುಜ ಎಷ್ಟು ಮೇಲೆದ್ದಿದೆ ಎನ್ನುವ ಅರಿವು ಬೆಳೆಯಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹೊರಗಿನ ಒಂದು ಕಣ್ಣು ಬೇಕು. ಕೆಳಗಿನ ಹೋಲಿಕೆಯೆಲ್ಲ ಇದರ ಮೇಲೇ ನಿಂತಿದೆ.

ಆರಿಸುವ ಮುನ್ನ ಅಳೆಯಬೇಕಾದ ನಾಲ್ಕು

ಮೊದಲನೆಯದು ಆ ಕಣ್ಣೇ. ಒಬ್ಬ ಶಿಕ್ಷಕರಿಗೆ ಹತ್ತು ಹನ್ನೆರಡು ಜನ ಇದ್ದರೆ ಹೊಸಬರಿಗೆ ಅನುಕೂಲ. ಇಪ್ಪತ್ತೈದು ದಾಟಿತೆಂದರೆ ಹಿಂದಿನ ಸಾಲಿನವರ ತಪ್ಪು ಮುಂದೆ ನಿಂತವರಿಗೆ ಕಾಣುವುದು ಕಷ್ಟ. ಶಿಕ್ಷಕರು ತಾವೇ ಆಸನ ಮಾಡುತ್ತಾ ಮುಂದೆ ಕೂತಿರುತ್ತಾರೋ, ಸಾಲುಗಳ ನಡುವೆ ಓಡಾಡುತ್ತಾರೋ ಎನ್ನುವುದನ್ನೂ ಗಮನಿಸಿ. ಓಡಾಡುವವರೇ ಬೇಕು.

ಎರಡನೆಯದು ನಿಮ್ಮ ದೇಹದ ಸ್ಥಿತಿ. ಇದನ್ನು ಮುಚ್ಚಿಡದೆ ಮೊದಲ ದಿನವೇ ಶಿಕ್ಷಕರಿಗೆ ಹೇಳಬೇಕು. ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಶೀರ್ಷಾಸನ, ಸರ್ವಾಂಗಾಸನ, ವೇಗದ ಕಪಾಲಭಾತಿ (ಹೊಟ್ಟೆ ಒಳಗೆಳೆದು ಉಸಿರನ್ನು ಜೋರಾಗಿ ಹೊರಹಾಕುವುದು), ಉಸಿರು ಬಿಗಿಹಿಡಿಯುವ ಕುಂಭಕ ಬೇಡ. ಗ್ಲಾಕೋಮಾ ಇದ್ದವರು ತಲೆಕೆಳಗಾಗುವ ಆಸನಗಳಿಂದ ದೂರವೇ ಇರಬೇಕು, ಅವುಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಡಿಸ್ಕ್ ಜಾರಿ ಕಾಲಿಗೆ ನೋವು ಇಳಿಯುತ್ತಿದ್ದರೆ ಮುಂದಕ್ಕೆ ಬಾಗುವ ಆಸನಗಳೇ ಅದನ್ನು ಕೆರಳಿಸಬಹುದು. ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಇರುವವರು ಬೆನ್ನು ಗುಂಡಗೆ ಮಾಡಿ ಬಾಗುವುದು, ಜೋರಾಗಿ ತಿರುಚುವುದು ಎರಡನ್ನೂ ಬಿಡಬೇಕು. ಹರ್ನಿಯಾ ಇದ್ದರೆ, ಹೊಟ್ಟೆಯ ಆಪರೇಷನ್ ಹೊಸದಾಗಿ ಆಗಿದ್ದರೆ ಕಪಾಲಭಾತಿ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬೆಳಗಿನ ಖಾಲಿಹೊಟ್ಟೆಯ ತರಗತಿಗೆ ಸೇರುವ ಮೊದಲು ವೈದ್ಯರ ಹತ್ತಿರ ಮಾತಾಡಿ, ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇಟ್ಟುಕೊಳ್ಳಿ.

ಮೂರನೆಯದು ಹೊತ್ತು ಮತ್ತು ದೂರ. ಪೂರ್ತಿ ಊಟವಾಗಿ ಮೂರರಿಂದ ನಾಲ್ಕು ಗಂಟೆ, ಹಗುರ ತಿಂಡಿಯಾಗಿ ಒಂದೂವರೆ ಗಂಟೆ ಕಳೆದಿರಬೇಕು. ಸಂಜೆ ಆರೂವರೆಯ ತರಗತಿಗೆ ಸೇರಿ, ಐದೂವರೆಗೆ ಆಫೀಸಿನಲ್ಲಿ ಎರಡು ಬೋಂಡಾ ತಿಂದು ಬಂದರೆ ಭುಜಂಗಾಸನದಲ್ಲೇ ಹುಳಿತೇಗು ಬರುತ್ತದೆ. ಬೆಳಿಗ್ಗೆ ಈ ತೊಂದರೆ ಇಲ್ಲ, ಆದರೆ ಮೈ ಬಿಗಿಯಾಗಿರುತ್ತದೆ. ಸಂಜೆ ಮೈ ಸಡಿಲ, ಮನಸ್ಸು ದಣಿದಿರುತ್ತದೆ. ದೂರದ ಬಗ್ಗೆ ಒಂದೇ ಮಾತು: ನಡೆದು ಹತ್ತು ನಿಮಿಷದಲ್ಲಿ ತಲುಪುವ ಸಾಧಾರಣ ತರಗತಿ, ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹೋಗಬೇಕಾದ ಹೆಸರಾಂತ ಶಾಲೆಗಿಂತ ಹೊಸಬರಿಗೆ ಹೆಚ್ಚು ಉಪಕಾರಿ.

ನಾಲ್ಕನೆಯದು ಹಣ. ಇದನ್ನು ತಿಂಗಳ ಲೆಕ್ಕದಲ್ಲಿ ನೋಡಬೇಡಿ, ಒಂದು ತರಗತಿಗೆ ಎಷ್ಟಾಯಿತು ಎಂದು ನೋಡಿ. ತಿಂಗಳಿಗೆ 2,000 ರೂಪಾಯಿ ಕಟ್ಟಿ 20 ದಿನ ಹೋದರೆ ತರಗತಿಗೆ 100 ರೂಪಾಯಿ, ಎಂಟೇ ದಿನ ಹೋದರೆ 250. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುವವರಿಗೆ ಮೊದಲ ತಿಂಗಳಲ್ಲಿ ಮಣಿಯಬೇಡಿ. ಒಂದು ತಿಂಗಳು, ಆಮೇಲೆ ಮೂರು ತಿಂಗಳು – ಹೀಗೆ ಕಟ್ಟಿ.

ಬೆಳಗಿನ ಜಾವದ ಉಚಿತ ತರಗತಿ

ಕರ್ನಾಟಕದಲ್ಲಿ ಇದೊಂದು ದೊಡ್ಡ ಸೌಭಾಗ್ಯ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯಂಥ ಸಂಘಟನೆಗಳು ದೇವಸ್ಥಾನ, ಶಾಲೆ, ಪಾರ್ಕುಗಳಲ್ಲಿ ಶುಲ್ಕವಿಲ್ಲದೆ ತರಗತಿ ನಡೆಸುತ್ತವೆ. ಕಲಿಸುವವರು ಸ್ವಯಂಸೇವಕರು, ಕನ್ನಡದಲ್ಲೇ ಹೇಳಿಕೊಡುತ್ತಾರೆ. ಇಲ್ಲಿ ಸಿಗುವ ಬಹುದೊಡ್ಡ ಲಾಭವೆಂದರೆ ಶಿಸ್ತು. ಪಕ್ಕದ ಮನೆಯವರು ಚಾಪೆ ಸುತ್ತಿಕೊಂಡು ಹೊರಟಾಗ ನಾವು ಮಲಗಿರಲು ಆಗುವುದಿಲ್ಲ. ಎರಡು ದಿನ ಬರದಿದ್ದರೆ 'ಯಾಕ್ರೀ, ಹುಷಾರಿಲ್ವಾ?' ಎಂದು ಕೇಳುವವರಿರುತ್ತಾರೆ. ಈ ಬಲ ಯಾವ ಆಪ್‌ನಲ್ಲೂ ಇಲ್ಲ.

ಕೊರತೆ ಏನೆಂದರೆ ಜನ ಹೆಚ್ಚು, ಎಲ್ಲರಿಗೂ ಒಂದೇ ಎಣಿಕೆ. ಮೂವತ್ತರ ಹುಡುಗನೂ ಅರವತ್ತೈದರ ಅಜ್ಜಿಯೂ ಒಂದೇ ವೇಗದಲ್ಲಿ ಸೂರ್ಯನಮಸ್ಕಾರ ಮಾಡಬೇಕಾಗುತ್ತದೆ. ಅದಕ್ಕೆ ಮದ್ದಿದೆ. ಹೊಸಬರಿಗಾಗಿಯೇ ಪ್ರತ್ಯೇಕ ತಂಡ ಶುರುವಾಗುವ ದಿನ ಕೇಳಿ ಆವತ್ತೇ ಸೇರಿ, ನಡುವೆ ನುಗ್ಗಬೇಡಿ. ಮೊದಲ ಸಾಲಿನ ತುದಿಯಲ್ಲಿ ಜಾಗ ಹಿಡಿಯಿರಿ. ಎಣಿಕೆ ಮುಂದೆ ಹೋದರೆ ಹೋಗಲಿ, ನೀವು ನಿಮ್ಮ ಉಸಿರಿಗೆ ನಿಲ್ಲಿ.

ರಥಸಪ್ತಮಿಯ ದಿನ ಹಲವೆಡೆ 108 ಸೂರ್ಯನಮಸ್ಕಾರ ನಡೆಯುತ್ತದೆ. ಹೊಸಬರು ಉತ್ಸಾಹದಲ್ಲಿ ಎಡವುವುದು ಇಲ್ಲೇ. ಒಂದು ತಿಂಗಳಿನಿಂದ ದಿನಕ್ಕೆ ಆರು ಮಾಡುತ್ತಿದ್ದವರು ಒಮ್ಮೆಲೇ 108ಕ್ಕೆ ಹೋದರೆ ಮಣಿಕಟ್ಟು, ಭುಜ ಎರಡೂ ಸೋಲುತ್ತವೆ. ಸುಸ್ತಾದಾಗ ಸಾಷ್ಟಾಂಗಕ್ಕೆ ಇಳಿಯುವ ಹಂತದಲ್ಲಿ ಮೊಣಕೈ ಹೊರಕ್ಕೆ ಹರಡಿ, ಭುಜ ಮೊಣಕೈಗಿಂತ ಕೆಳಗೆ ಕುಸಿಯುತ್ತದೆ, ಪೂರ್ತಿ ಭಾರ ಭುಜದ ಮುಂಭಾಗದ ಮೇಲೆ ಬೀಳುತ್ತದೆ. ಮೊದಲ ವರ್ಷ 12 ಅಥವಾ 24 ಮಾಡಿ, ಉಳಿದ ಹೊತ್ತು ಕೂತು ಮಂತ್ರ ಹೇಳಿದರೂ ಸಾಕು.

ಆರೋಗ್ಯವಾಗಿರುವವರಿಗೆ, ಹಣ ಖರ್ಚು ಮಾಡುವ ಮನಸ್ಸಿಲ್ಲದವರಿಗೆ, ಒಬ್ಬರೇ ಮಾಡಿದರೆ ಬಿಟ್ಟುಬಿಡುತ್ತೇವೆ ಎನ್ನುವವರಿಗೆ ಮೊದಲ ಆಯ್ಕೆ ಇದೇ ಆಗಲಿ.

ಅಯ್ಯಂಗಾರ್ ಮತ್ತು ಮೈಸೂರು ಶೈಲಿ: ಒಂದೇ ಬೇರು, ಎರಡು ದಾರಿ

ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಕೆ. ಪಟ್ಟಾಭಿ ಜೋಯಿಸರು ಹಾಸನದ ಬಳಿಯ ಕೌಶಿಕದವರು, 1915ರಲ್ಲಿ ಹುಟ್ಟಿದವರು. ಇಬ್ಬರೂ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಇವತ್ತು ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಸಿಗುವ ಈ ಎರಡು ಪದ್ಧತಿಗಳೂ ಆ ಗುರುವಿನ ಕಡೆಯಿಂದ ಹರಿದು ಬಂದವು. ಕಲಿಸುವ ರೀತಿ ಮಾತ್ರ ಒಂದಕ್ಕೊಂದು ವಿರುದ್ಧವೆನ್ನುವಷ್ಟು ಬೇರೆ.

ಅಯ್ಯಂಗಾರ್ ತರಗತಿಯಲ್ಲಿ ಆಸನ ಕಡಿಮೆ, ಒಂದೊಂದರಲ್ಲಿ ನಿಲ್ಲುವ ಹೊತ್ತು ಹೆಚ್ಚು. ಮರದ ಇಟ್ಟಿಗೆ, ಪಟ್ಟಿ, ಕಂಬಳಿ, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ ಎಲ್ಲವೂ ಪಾಠದ ಭಾಗ. ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟದಿದ್ದರೆ ಪಾದದ ಹೊರಬದಿಯಲ್ಲಿ ಇಟ್ಟಿಗೆಯನ್ನು ನಿಲ್ಲಿಸಿ ಅದರ ಮೇಲೆ ಕೈ ಇಡಿಸುತ್ತಾರೆ. ಎದೆ ತಾನಾಗಿ ತೆರೆದುಕೊಳ್ಳುತ್ತದೆ. ಸರ್ವಾಂಗಾಸನದಲ್ಲಿ ಮೂರು ನಾಲ್ಕು ಕಂಬಳಿಗಳನ್ನು ಅಚ್ಚುಕಟ್ಟಾಗಿ ಮಡಿಸಿ, ಭುಜ ಅವುಗಳ ಮೇಲೆ, ತಲೆ ಕೆಳಗೆ ನೆಲದ ಮೇಲೆ ಇರುವಂತೆ ಮಲಗಿಸುತ್ತಾರೆ. ಆ ನಾಲ್ಕು ಬೆರಳಿನ ಎತ್ತರ ಕುತ್ತಿಗೆ ಅತಿಯಾಗಿ ಮಡಿಸಿಕೊಳ್ಳುವುದನ್ನು ತಪ್ಪಿಸುತ್ತದೆ. ಶಿಕ್ಷಕರಾಗಲು ವರ್ಷಗಟ್ಟಲೆ ಅಭ್ಯಾಸ, ಪರೀಕ್ಷೆ ಬೇಕಿರುವುದರಿಂದ ಕಲಿಸುವವರ ಮಟ್ಟ ಸಾಮಾನ್ಯವಾಗಿ ಭದ್ರ. ಬೆವರು ಸುರಿಯಬೇಕು, ತೂಕ ಇಳಿಯಬೇಕು ಎಂದು ಬಂದವರಿಗೆ ಮೊದಮೊದಲು ಇದು ನಿಧಾನವೆನಿಸುತ್ತದೆ. ಪ್ರಾಣಾಯಾಮವನ್ನೂ ತಡವಾಗಿ ಕಲಿಸುತ್ತಾರೆ. ಪ್ರಮಾಣಿತ ಶಿಕ್ಷಕರು ದೊಡ್ಡ ಊರುಗಳಲ್ಲೇ ಹೆಚ್ಚು. ನಲವತ್ತೈದು ದಾಟಿದವರು, ಬಿಗಿ ಮೈಯವರು, ಹಳೆಯ ಬೆನ್ನುನೋವಿನವರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು – ಇವರೆಲ್ಲ ವಾರಕ್ಕೆ ಎರಡು ತರಗತಿಯಾದರೂ ಇಲ್ಲಿಗೆ ಹೋಗುವುದು ಅತ್ಯಂತ ಸುರಕ್ಷಿತ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಪಟ್ಟಾಭಿ ಜೋಯಿಸರು ಕಲಿಸಿದ ಅಷ್ಟಾಂಗ ವಿನ್ಯಾಸದ 'ಮೈಸೂರು ಶೈಲಿ' ಎಂಬ ಹೆಸರು ಕೇಳಿ ಹೊಸಬರು ಹೆದರುತ್ತಾರೆ. ಚಿತ್ರಗಳಲ್ಲಿ ಕಾಣುವ ಕಸರತ್ತು ಅದಕ್ಕೆ ಕಾರಣ. ತರಗತಿಯ ಒಳಗಿನ ವ್ಯವಸ್ಥೆ ಮಾತ್ರ ಹೊಸಬರಿಗೆ ಅಚ್ಚರಿಯೆನಿಸುವಷ್ಟು ಅನುಕೂಲ. ಎಲ್ಲರಿಗೂ ಒಟ್ಟಿಗೆ ಎಣಿಸುವುದಿಲ್ಲ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರೂ ತಮಗೆ ಕಲಿಸಿದಷ್ಟನ್ನು ತಮ್ಮ ಉಸಿರಿನ ಲಯದಲ್ಲಿ ಮಾಡಿಕೊಳ್ಳುತ್ತಾರೆ, ಶಿಕ್ಷಕರು ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಮೊದಲ ವಾರ ಸೂರ್ಯನಮಸ್ಕಾರ, ಕೊನೆಗೆ ಪದ್ಮಾಸನದ ಬದಲು ಸುಖಾಸನದಲ್ಲಿ ಕೂತು ಉಸಿರು, ಶವಾಸನ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದು ಬಾಯಿಪಾಠವಾದ ಮೇಲೆ ನಿಂತು ಮಾಡುವ ಆಸನಗಳು ಒಂದೊಂದಾಗಿ ಸೇರುತ್ತವೆ. ಕ್ರಮ ಬದಲಾಗುವುದಿಲ್ಲವಾದ್ದರಿಂದ ಎರಡು ತಿಂಗಳಲ್ಲಿ ಮನೆಯಲ್ಲೂ ಯಾರ ಸಹಾಯವಿಲ್ಲದೆ ಮಾಡಬಹುದು.

ಬೆಲೆ ತೆರಬೇಕಾದದ್ದು ಬೇರೆ ಕಡೆ. ವಾರಕ್ಕೆ ಆರು ದಿನದ ಅಭ್ಯಾಸ ಇದರ ಪದ್ಧತಿ. ಸಾಂಪ್ರದಾಯಿಕವಾಗಿ ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ರಜೆ. ಹೆಂಗಸರಿಗೆ ಮುಟ್ಟಿನ ಮೊದಲ ದಿನಗಳೂ ರಜೆ. ಮನೆ, ಮಕ್ಕಳು, ಶಿಫ್ಟ್ ಕೆಲಸ ಇರುವವರಿಗೆ ಆರು ದಿನ ಹೊಂದಿಸುವುದು ಸುಲಭವಲ್ಲ. ಇನ್ನೊಂದು, ಎಲ್ಲರೂ ಮೊದಲು ಕಲಿಯುವ ಆಸನಗಳ ಕ್ರಮವಾದ 'ಮೊದಲ ಸರಣಿ'ಯಲ್ಲಿ ಮುಂದಕ್ಕೆ ಬಾಗುವುದೂ ಅರ್ಧಪದ್ಮವೂ ಬಹಳ. ಪದ್ಮಾಸನ ಕೂರುವುದು ಸೊಂಟದ ಕೀಲು ಹೊರಕ್ಕೆ ತಿರುಗುವುದರಿಂದ. ಅದು ತಿರುಗದೆ ಇದ್ದಾಗ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲಿಟ್ಟರೆ ತಿರುಚುವಿಕೆ ಮಂಡಿಗೆ ಬರುತ್ತದೆ. ಮಂಡಿಯ ಕೀಲು ಮಡಿಚಲು ಆದದ್ದು, ತಿರುಚಲು ಅಲ್ಲ. ಒಳಗೆ ಚುಚ್ಚಿದಂತಾದರೆ ಅದೇ ಕ್ಷಣ ಕಾಲು ಬಿಡಿಸಿ, ಶಿಕ್ಷಕರು ಒತ್ತಾಯಿಸಿದರೂ ಮಣಿಯಬೇಡಿ. ಮುಂದಕ್ಕೆ ಬಾಗುವಾಗಲೂ ಹಾಗೆಯೇ. ತೊಡೆಯ ಹಿಂಭಾಗದ ನಡುವೆ ಎಳೆತ ಸರಿ. ಕೂರುವ ಮೂಳೆಯ ಹತ್ತಿರ, ಸ್ನಾಯು ಮೂಳೆಗೆ ಅಂಟಿದ ಜಾಗದಲ್ಲಿ ನೋವು ಬಂದರೆ ಮಂಡಿ ಸ್ವಲ್ಪ ಮಡಿಸಿ. ಅಲ್ಲಿ ಆದ ಗಾಯ ವಾಸಿಯಾಗಲು ತಿಂಗಳುಗಳೇ ಬೇಕಾಗುತ್ತವೆ.

ಇಪ್ಪತ್ತರಿಂದ ನಲವತ್ತರೊಳಗಿನ, ಮಂಡಿ–ಸೊಂಟ ಗಟ್ಟಿಯಿರುವ, ಮೈ ಬೆವರಬೇಕು ಎನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಸಂಸ್ಕೃತ ಎಣಿಕೆಯ ಸಾಮೂಹಿಕ ತರಗತಿಗೆ ಮಾತ್ರ ಮೊದಲೇ ಹೋಗಬೇಡಿ, ಅದು ಕ್ರಮ ಬಲ್ಲವರಿಗೆ.

ಬಡಾವಣೆಯ ಸ್ಟುಡಿಯೋ, ಜಿಮ್ಮು

ಇಲ್ಲಿ ಫಲಕದ ಮೇಲಿನ ಹೆಸರಿಗಿಂತ ಶಿಕ್ಷಕರನ್ನು ನೋಡಬೇಕು. '200 ಗಂಟೆಯ ತರಬೇತಿ' ಎಂದರೆ ತಿಂಗಳೊಂದರಲ್ಲಿ ಮುಗಿಸಬಹುದಾದ ತರಬೇತಿ. ಅದೊಂದೇ ಇದ್ದರೆ ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ ಎಂದು ಕೇಳಿ. ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರವಿದ್ದರೆ, ವಿಶ್ವವಿದ್ಯಾಲಯದ ಪದವಿಯಿದ್ದರೆ ಒಳ್ಳೆಯದು. ಒಂದು ತರಗತಿ ಪ್ರಯೋಗಕ್ಕೆ ಕೂರಿಸಿಕೊಳ್ಳಲು ಒಪ್ಪದ ಜಾಗಕ್ಕೆ ಹಣ ಕಟ್ಟಬೇಡಿ. ನಿಮ್ಮ ಕಾಯಿಲೆ, ಔಷಧಿಗಳ ಬಗ್ಗೆ ಏನೂ ಕೇಳದೆ ಮೊದಲ ದಿನವೇ ಶೀರ್ಷಾಸನಕ್ಕೆ ಎತ್ತಿ ನಿಲ್ಲಿಸಿದರೆ ಮರುದಿನ ಹೋಗಬೇಡಿ. ಪವರ್ ಯೋಗ, ಬಿಸಿಕೋಣೆಯ ಯೋಗ ಎರಡನೇ ವರ್ಷಕ್ಕಿರಲಿ. ಬಿಸಿಯಲ್ಲಿ ಮೈ ಇದ್ದದ್ದಕ್ಕಿಂತ ಸಡಿಲವೆನಿಸಿ ಹೊಸಬರು ಮಿತಿ ದಾಟುತ್ತಾರೆ.

ಯೂಟ್ಯೂಬ್, ಆಪ್, ಆನ್‌ಲೈನ್ ನೇರ ತರಗತಿ

ವಿಡಿಯೋಗೆ ಖರ್ಚಿಲ್ಲ, ಹೊತ್ತಿನ ಕಟ್ಟಿಲ್ಲ. ಆದರೆ ಅದು ನಿಮ್ಮನ್ನು ನೋಡುವುದಿಲ್ಲ. ಪರದೆ ನೋಡಲು ಕುತ್ತಿಗೆ ತಿರುಗಿಸಬೇಕಾದ ಪ್ರತಿ ಆಸನವೂ ಅಪಾಯ. ಸರ್ವಾಂಗಾಸನದಲ್ಲಿ, ಹಲಾಸನದಲ್ಲಿ ತಲೆ ಪಕ್ಕಕ್ಕೆ ತಿರುಗಿಸಲೇಬಾರದು. ಹಾಗಾಗಿ ವಿಡಿಯೋವನ್ನು ಮೊದಲು ಕೂತು ಪೂರ್ತಿ ನೋಡಿ, ಆಮೇಲೆ ಕಿವಿಯಲ್ಲಿ ಮಾತ್ರ ಕೇಳುತ್ತಾ ಮಾಡಿ. ಒಂದೇ ವಿಡಿಯೋವನ್ನು ಆರು ವಾರ ಹಿಡಿಯಿರಿ, ದಿನಕ್ಕೊಂದು ಬದಲಿಸಿದರೆ ಯಾವುದೂ ಮೈಗೆ ಹತ್ತುವುದಿಲ್ಲ.

ಯಾವುದನ್ನು ಹಿಡಿಯುವುದು? ಆಯುಷ್ ಸಚಿವಾಲಯ ಜೂನ್ 21ರ ಅಂತಾರಾಷ್ಟ್ರೀಯ ಯೋಗ ದಿನಕ್ಕಾಗಿ ರೂಪಿಸಿದ 'ಸಾಮಾನ್ಯ ಯೋಗ ಶಿಷ್ಟಾಚಾರ' (ಕಾಮನ್ ಯೋಗ ಪ್ರೋಟೋಕಾಲ್) ಎಂಬ ಆಸನಕ್ರಮ ಹೊಸಬರ ಮಟ್ಟಕ್ಕೆ ಸರಿಯಾಗಿದೆ. ಸುಮಾರು 45 ನಿಮಿಷ. ಕುತ್ತಿಗೆ, ಭುಜ, ಮಂಡಿಗಳ ಚಾಲನದಿಂದ ಶುರುವಾಗಿ ತಾಡಾಸನ, ವೃಕ್ಷಾಸನ, ಪಾದಹಸ್ತಾಸನ, ಅರ್ಧಚಕ್ರಾಸನ, ತ್ರಿಕೋನಾಸನ. ಕೂತು ಭದ್ರಾಸನ, ವಜ್ರಾಸನ, ಶಶಾಂಕಾಸನ, ವಕ್ರಾಸನ. ಬೋರಲು ಮಲಗಿ ಭುಜಂಗಾಸನ, ಶಲಭಾಸನ. ಅಂಗಾತ ಸೇತುಬಂಧಾಸನ, ಪವನಮುಕ್ತಾಸನ, ಶವಾಸನ. ಕೊನೆಗೆ ಕಪಾಲಭಾತಿ, ನಾಡಿಶೋಧನ, ಭ್ರಾಮರಿ, ಧ್ಯಾನ. ತಲೆಕೆಳಗಾಗಿ ನಿಲ್ಲುವ ಆಸನ ಒಂದೂ ಇಲ್ಲ.

ಆನ್‌ಲೈನ್ ನೇರ ತರಗತಿ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಶಿಕ್ಷಕರು ನಿಮ್ಮನ್ನು ನೋಡುವಂತಿದ್ದರೆ ಮಾತ್ರ. ಕ್ಯಾಮೆರಾವನ್ನು ಸೊಂಟದ ಎತ್ತರದಲ್ಲಿ, ಮ್ಯಾಟಿನ ಪಕ್ಕಕ್ಕೆ, ಎಂಟು ಹತ್ತು ಅಡಿ ದೂರದಲ್ಲಿಡಿ. ಬೆಳಕು ನಿಮ್ಮ ಮುಂದಿನಿಂದ ಬರಲಿ, ಹಿಂದೆ ಕಿಟಕಿ ಇದ್ದರೆ ಶಿಕ್ಷಕರಿಗೆ ಕಾಣುವುದು ಕಪ್ಪು ನೆರಳು ಮಾತ್ರ. ಹೊರದೇಶದಲ್ಲಿದ್ದು ಕನ್ನಡದಲ್ಲೇ ಕಲಿಯಬೇಕೆನ್ನುವವರಿಗೆ ಇದು ಸೊಗಸಾಗಿ ಹೊಂದುತ್ತದೆ. ಇಲ್ಲಿನ ಬೆಳಿಗ್ಗೆ ಐದೂವರೆ ಎಂದರೆ ಡಲ್ಲಾಸ್‌ನಲ್ಲಿ ಬೇಸಿಗೆಯಾದರೆ ಹಿಂದಿನ ಸಂಜೆ ಏಳು, ಚಳಿಗಾಲದಲ್ಲಿ ಆರು.

ಮನೆಗೆ ಬರುವ ಶಿಕ್ಷಕರು, ಮತ್ತು ಕಾಯಿಲೆ ಇದ್ದಾಗ

ತರಗತಿಯೊಂದಕ್ಕೆ ಅತಿ ಹೆಚ್ಚು ಖರ್ಚು ಇದಕ್ಕೇ. ವರ್ಷಪೂರ್ತಿ ಇಟ್ಟುಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ. ಹನ್ನೆರಡು ತರಗತಿಗೆ ಮಾತಾಡಿಕೊಳ್ಳಿ: ವಾರಕ್ಕೆ ಮೂರರಂತೆ ನಾಲ್ಕು ವಾರ. ಕೊನೆಯಲ್ಲಿ ನಿಮ್ಮ ಮೈಗೆ ಹೊಂದುವ 30 ನಿಮಿಷದ ಕ್ರಮವೊಂದನ್ನು ಹಾಳೆಯಲ್ಲಿ ಬರೆಸಿಕೊಳ್ಳಿ. ಆಮೇಲೆ ತಿಂಗಳಿಗೊಮ್ಮೆ ಬಂದು ತಿದ್ದಿದರೆ ಸಾಕು. ಹೀಗೆ ಕಲಿತು, ಬಳಿಕ ಉಚಿತ ತರಗತಿಗೆ ಸೇರುವುದು ಕಡಿಮೆ ಹಣದಲ್ಲಿ ಹೆಚ್ಚು ಫಲ ಕೊಡುವ ದಾರಿ. ಅಲ್ಲಿ ಜನ ಎಷ್ಟಿದ್ದರೂ ನಿಮ್ಮ ಮೈಗೆ ಯಾವುದು ಬೇಡ ಎಂದು ಆಗಲೇ ತಿಳಿದಿರುತ್ತದೆ.

ಡಿಸ್ಕ್ ತೊಂದರೆ, ಹೃದಯದ ಕಾಯಿಲೆ, ಗರ್ಭಾವಸ್ಥೆ, ಅತಿಯಾದ ಆತಂಕ ಇವು ಇದ್ದರೆ ಮೇಲಿನ ಯಾವುದಕ್ಕೂ ನೇರ ಹೋಗಬೇಡಿ. ನಿಮ್ಮ ವೈದ್ಯರ ಒಪ್ಪಿಗೆ ಪಡೆದು ಯೋಗ ಚಿಕಿತ್ಸೆ ಬಲ್ಲವರ ಹತ್ತಿರ ಹೋಗಿ. ಯೋಗ ಮತ್ತು ಪ್ರಕೃತಿ ಚಿಕಿತ್ಸೆಯಲ್ಲಿ ಬಿಎನ್‌ವೈಎಸ್ ಎಂಬ ಐದೂವರೆ ವರ್ಷದ ಪದವಿಯಿದೆ, ಉಜಿರೆಯ ಎಸ್‌ಡಿಎಂ ಕಾಲೇಜು ಇದಕ್ಕೆ ಹೆಸರಾದದ್ದು. ಬೆಂಗಳೂರಿನ ಹೊರವಲಯದ ಜಿಗಣಿ ಬಳಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಪ್ರಶಾಂತಿ ಕುಟೀರದಲ್ಲಿ ಉಳಿದುಕೊಂಡು ಚಿಕಿತ್ಸೆ ಪಡೆಯುವ ಆರೋಗ್ಯಧಾಮವಿದೆ. ನಿಮ್ಹಾನ್ಸ್‌ನಲ್ಲೂ ಯೋಗದ ವಿಭಾಗವಿದೆ. ಯಾರ ಬಳಿ ಹೋದರೂ ಬಿಪಿ, ಸಕ್ಕರೆ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.

ಏನು ಕೊಳ್ಳಬೇಕು?

ಮೊದಲ ದಿನಕ್ಕೆ ಒಂದು ಮ್ಯಾಟ್ ಸಾಕು, ದಪ್ಪ 4ರಿಂದ 6 ಮಿಲಿಮೀಟರ್. ಹತ್ತು ಹನ್ನೆರಡು ಮಿಲಿಮೀಟರಿನ ಮೆತ್ತನೆಯದು ಅಂಗಡಿಯಲ್ಲಿ ಹಿತವೆನಿಸುತ್ತದೆ, ವೃಕ್ಷಾಸನದಲ್ಲಿ ಒಂಟಿಕಾಲಿನಲ್ಲಿ ನಿಂತಾಗ ಹಿಮ್ಮಡಿ ಒಳಗೆ ಇಳಿದು ಪಾದ ಓಲಾಡುತ್ತದೆ. ಮಂಡಿ ಊರುವಾಗ ನೋವಾದರೆ ಟವೆಲ್ ಮಡಿಸಿ ಹಾಕಿಕೊಳ್ಳಿ. ಮನೆಯಲ್ಲಿ ನವಲಗುಂದದ ಜಮಖಾನೆ ಇದ್ದರೆ ಪ್ರಾಣಾಯಾಮಕ್ಕೆ, ಶವಾಸನಕ್ಕೆ ಅದಕ್ಕಿಂತ ಚೆನ್ನಾದುದು ಇಲ್ಲ. ನಿಂತು ಮಾಡುವ ಆಸನಕ್ಕೆ ಅದನ್ನು ಟೈಲ್ಸ್ ಮೇಲೆ ಹಾಸಬೇಡಿ, ಕಾಲು ಅಗಲಿಸಿದಾಗ ಜಾರುತ್ತದೆ. ಇಟ್ಟಿಗೆಯ ಬದಲು ದಪ್ಪ ಪುಸ್ತಕಗಳನ್ನು ಕಟ್ಟಿಡಬಹುದು, ಪಟ್ಟಿಯ ಬದಲು ಹಳೆಯ ಪಂಚೆಯೋ ದುಪಟ್ಟಾವೋ ಆದೀತು. ಸುಖಾಸನದಲ್ಲಿ ಮಂಡಿ ಸೊಂಟಕ್ಕಿಂತ ಮೇಲೆ ನಿಂತರೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಕೂತುಕೊಳ್ಳಿ, ಸೊಂಟ ಮುಂದಕ್ಕೆ ವಾಲಿ ಬೆನ್ನು ನೇರವಾಗುತ್ತದೆ.

ಇನ್ನೂ ಎರಡರ ನಡುವೆ ಹೊಯ್ದಾಡುತ್ತಿದ್ದರೆ, ಈ ವಾರ ಎರಡೂ ಕಡೆ ಒಂದೊಂದು ತರಗತಿಗೆ ಹೋಗಿ ಬನ್ನಿ. ಹೊರಬರುವಾಗ ಮೂರು ವಿಷಯ ಬರೆದುಕೊಳ್ಳಿ: ಶಿಕ್ಷಕರು ನಿಮ್ಮನ್ನು ಎಷ್ಟು ಸಲ ತಿದ್ದಿದರು, ಶವಾಸನಕ್ಕೆ ಕನಿಷ್ಠ ಐದು ನಿಮಿಷ ಕೊಟ್ಟರೋ, ಮರುದಿನ ನೋವು ಎಲ್ಲಿತ್ತು. ಸ್ನಾಯುವಿನಲ್ಲಿ ನೋವಿದ್ದು ಎರಡು ದಿನದಲ್ಲಿ ಇಳಿದರೆ ಅಲ್ಲೇ ಮುಂದುವರಿಯಿರಿ. ಮಂಡಿ, ಕುತ್ತಿಗೆ, ಮಣಿಕಟ್ಟಿನ ಕೀಲಿನಲ್ಲಿ ನೋವು ಉಳಿದರೆ, ಅಥವಾ ಕೈಕಾಲು ಜುಮುಗುಟ್ಟಿದರೆ ಇನ್ನೊಂದನ್ನು ಆರಿಸಿ, ಅಲ್ಲಿನ ಶಿಕ್ಷಕರಿಗೆ ಮೊದಲ ಮಾತಾಗಿ ಆ ನೋವಿನ ವಿಷಯವನ್ನೇ ಹೇಳಿ.